ಬರಿದಾಗದ ಪೀಪಾಯಿ

ಡಾರ್ಕಸ್ ಮಿಡ್‌ಗ್ಲಿ ಬದುಕಿದ್ದಷ್ಟು ಕಾಲವೂ ಒಣಗಿದ ಬಟ್ಟೆಯನ್ನು ಮಡಿಸುವ ಮೊದಲು ಒಮ್ಮೆ ಮೂಸಿ ನೋಡುತ್ತಿದ್ದಳು. ಅಕೆನ್‌ಶಾ ಊರಿನ ಹೆಂಗಸರು ಅದನ್ನು ಮಡಿಯ ಹುಚ್ಚು ಎಂದು ನಗುತ್ತಿದ್ದರು. ನಗುವವರ ಜೊತೆ ಅವಳೂ ನಗುತ್ತಿದ್ದಳು, ಕಾರಣವನ್ನು ಮಾತ್ರ ಹೇಳುತ್ತಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಯಾರ್ಕ್ ಪಟ್ಟಣದಲ್ಲಿ ಕೈಗವಸು ವ್ಯಾಪಾರಿಯೊಬ್ಬನ ಮನೆಗೆಲಸಕ್ಕಿದ್ದಳು. ಮಾರ್ಚ್ ತಿಂಗಳ ಒಂದು ದಿನ ಹನ್ನೊಂದು ಹೊದಿಕೆಗಳನ್ನು ಬೂದಿನೀರಿನಲ್ಲಿ ಕುದಿಸಿ, ಬಡಿದು, ಹಿಂಡಿ, ಹಿತ್ತಿಲ ಬೇಲಿಯ ಮೇಲೆ ಹರವಿದ್ದಳು. ಅವತ್ತೇ ಊರ ಹೊರಗಿನ ಬಯಲಿನಲ್ಲಿ ಒಬ್ಬ ಹೆಂಗಸನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಗಂಡನ ಜೊತೆ ಸೇರಿ ಖೋಟಾ ಶಿಲ್ಲಿಂಗು ಅಚ್ಚು ಹಾಕಿದ್ದಳಂತೆ. ಗಂಡನನ್ನು ಹಿಂದಿನ ದಿನ ನೇಣಿಗೆ ಹಾಕಿದ್ದರು. ಅಪರಾಧ ಒಂದೇ ಆದರೂ ಗಂಡಸಿಗೆ ಹಗ್ಗ, ಹೆಂಗಸಿಗೆ ಬೆಂಕಿ, ಕಾನೂನು ಹಾಗಿತ್ತು. ಊರೆಲ್ಲ ನೋಡಲು ಹೋಯಿತು. ಹನ್ನೊಂದು ಹೊದಿಕೆ ಬಿಟ್ಟು ಹೋಗಲು ಡಾರ್ಕಸಳಿಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಸಂಜೆ ಹೊದಿಕೆ ತೆಗೆಯಲು ಹೋದರೆ ಬಿಳಿ ಬಟ್ಟೆಯ ತುಂಬ ಮಸಿಯ ಚೂರುಗಳು ಕೂತಿದ್ದವು. ಬೆರಳಲ್ಲಿ ಒರೆಸಿದಳು. ಜಿಡ್ಡು ಅಂಟಿತು.

ಯಜಮಾನಿ ಬಂದು ನೋಡಿದಳು. "ಎಲ್ಲ ಇನ್ನೊಂದ್ಸಲ ಒಗಿ" ಎಂದು ಹೇಳಿ ಒಳಗೆ ಹೋದಳು.

ಡಾರ್ಕಸ್ ಒಗೆದಳು. ಆ ನೀರಿನ ವಾಸನೆ ಅವಳ ಮೂಗಿನಲ್ಲಿ ಮನೆ ಮಾಡಿತು.

ಇಪ್ಪತ್ತೆಂಟಕ್ಕೆ ಅವಳು ನೇಕಾರ ಜೋನಸ್ ಮಿಡ್‌ಗ್ಲಿಯ ಹೆಂಡತಿ, ಎರಡು ಹೆಣ್ಣುಮಕ್ಕಳ ತಾಯಿ, ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದ ಅತ್ತೆ ಸಿಬಿಲಳ ಕೈಕಾಲು. ಆ ವರ್ಷ ಫೆಬ್ರವರಿಯ ಕ್ಯಾಂಡಲ್‌ಮಸ್ ಹಬ್ಬ ಕಳೆದ ವಾರ, ಕಲ್ಲುಬೇಲಿಗಳ ಬುಡದಲ್ಲಿ ಹಿಮ ಇನ್ನೂ ಕರಗದಿರುವಾಗ, ಅವರು ಅತ್ತೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಗುಡ್ಡ ಹತ್ತಿ ಅಕೆನ್‌ಶಾಗೆ ಬಂದರು. ಇದ್ದದ್ದು ಏಳೇ ಮನೆ. ಇವರಿಗೆ ಸಿಕ್ಕಿದ ಮನೆಯಲ್ಲಿ ಮೊದಲು ಎಝ್ರಾ ಎಂಬ ಕತ್ತರಿ ಸಾಣೆ ಹಿಡಿಯುವವನೂ ಅವನ ಹೆಂಡತಿ ಹೆಸ್ಟರಳೂ ಇದ್ದರು. ಎಲ್ಲಿಂದಲೋ ಬಂದವರು ಮೂರು ವರ್ಷ ಇದ್ದು, ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೊರಟುಹೋಗಿದ್ದರು. ಹಾಸಿಗೆ, ಪಾತ್ರೆ, ಕೊನೆಗೆ ಬಾಗಿಲ ಚಿಲಕವನ್ನೂ ಬಿಚ್ಚಿಕೊಂಡು ಹೋದವರು ಒಂದನ್ನು ಮಾತ್ರ ಬಿಟ್ಟಿದ್ದರು. ಅದು ಹಿತ್ತಿಲ ಬಾಗಿಲ ಪಕ್ಕದ ಮೂತ್ರದ ಪೀಪಾಯಿ.

ಅದನ್ನು ನೋಡಿ ಡಾರ್ಕಸಳಿಗೆ ಬಂಗಾರ ಸಿಕ್ಕಷ್ಟು ಸಂತೋಷವಾಯಿತು. ಉಣ್ಣೆಯ ಜಿಡ್ಡು ಬಿಡಿಸಲು ಹಳೆಯ ಮೂತ್ರದಂಥದ್ದು ಇನ್ನೊಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮನೆಮಂದಿಯ ರಾತ್ರಿಯ ಪಾತ್ರೆಗಳನ್ನೆಲ್ಲ ಹೊತ್ತು ತಂದು ಪೀಪಾಯಿಗೆ ಸುರಿಯುವುದು ಆ ಗುಡ್ಡದ ಹೆಂಗಸರ ದಿನದ ಮೊದಲ ಕೆಲಸ. ಮೂಗು ಸುಡುವಷ್ಟು ಹುಳಿತ ಮೇಲೆ ಮರದ ಮೊಗೆಯಲ್ಲಿ ಮೇಲಿಂದ ಎತ್ತಿ, ಬಿಸಿನೀರಿಗೆ ಬೆರೆಸಿ, ಅದರಲ್ಲಿ ಉಣ್ಣೆ ಅದ್ದಿ ತೊಳೆಯಬೇಕು. ಹೊಸ ಪೀಪಾಯಿ ಹದಕ್ಕೆ ಬರಲು ಎರಡು ವರ್ಷವಾದರೂ ಬೇಕು. ಹಾಗಾಗಿ ಹದವಾದ ಪೀಪಾಯಿಯನ್ನು ಯಾರೂ ತಳದವರೆಗೆ ಬರಿದು ಮಾಡುವುದಿಲ್ಲ. ತಳದ ಗಸಿಯೇ ಅದರ ಹೆಪ್ಪು. ಅತ್ತೆ ತೀರಿಕೊಂಡರೆ ಸೊಸೆ, ಸೊಸೆ ಹೋದರೆ ಮಗಳು. ಪೀಪಾಯಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಮೊಸರಿನ ಹೆಪ್ಪು ಕೇಳಿದ ಹಾಗೆ ನೆರೆಯವರು ಒಂದು ಬಕೆಟ್ ಕೇಳಿದರೆ ಇಲ್ಲವೆನ್ನುವ ಪದ್ಧತಿಯೂ ಇಲ್ಲ. ಬಂದ ತಿಂಗಳೊಪ್ಪತ್ತಿನಲ್ಲಿ ಉಳಿದ ಆರು ಮನೆಯವರೂ ಡಾರ್ಕಸಳ ಪೀಪಾಯಿಯಿಂದ ಒಂದೊಂದು ಬಕೆಟ್ ಒಯ್ದು ತಂತಮ್ಮದಕ್ಕೆ ಬೆರೆಸಿಕೊಂಡರು.

ಏಪ್ರಿಲ್‌ನಲ್ಲಿ ಉಣ್ಣೆ ನೀಲಿಯಾಗತೊಡಗಿತು.

ಮೊದಲು ಅಲ್ಲೊಂದು ಗೆರೆ, ಇಲ್ಲೊಂದು ಮಚ್ಚೆ. ಆಮೇಲೆ ಎತ್ತಿದ ಉಣ್ಣೆಯೆಲ್ಲ ತಿಳಿ ನೀಲಿ, ಅಂಚಿನಲ್ಲಿ ಹಸಿರು. ವ್ಯಾಪಾರಿಗೆ ಕೊಡುವ ಬಟ್ಟೆಗೆ ಅದು ಆಗದು. ಹಾಳಾಯಿತೆಂದು ಎಸೆಯಲು ಮನಸ್ಸಾಗದೆ ಡಾರ್ಕಸ್ ಅದನ್ನು ನೂತು ಇಬ್ಬರು ಮಕ್ಕಳಿಗೂ ಕಾಲುಚೀಲ ಹೆಣೆದಳು. ಪಕ್ಕದ ಮನೆಯ ಮರ್ಸಿ ಕ್ರಾಬ್‌ಟ್ರೀ ಬೇಲಿಯ ಆಚೆಯಿಂದಲೇ ಕೂಗಿದಳು. ಅವಳ ಗಂಡ ಸೈಮನ್ ಆ ವರ್ಷ ಸರದಿಯ ಮೇಲೆ ಊರಿನ ಕಾನ್‌ಸ್ಟೇಬಲ್ ಆಗಿದ್ದ; ಆ ಹುದ್ದೆಯ ಗತ್ತನ್ನೆಲ್ಲ ಮರ್ಸಿ ಹೊತ್ತುಕೊಂಡಿದ್ದಳು.

"ಏನೇ ಡಾರ್ಕಸ್, ನಿನ್ನ ಮಕ್ಕಳ ಕಾಲಿಗೆ ಆಕಾಶ ತೊಡಿಸಿದೀಯಲ್ಲೇ! ಯಾವ ಬಣ್ಣಗಾರನ್ನ ಬುಟ್ಟಿಗೆ ಹಾಕ್ಕೊಂಡೆ?"

"ಬಣ್ಣಗಾರನೂ ಇಲ್ಲ, ಎಂಥದೂ ಇಲ್ಲ ಮರ್ಸಿಯಕ್ಕ. ತಾನಾಗೇ ಬಂತು."

"ತಾನಾಗೇ ಬರೋದು ಮುದುಕಿಗೆ ಗಡ್ಡ ಮಾತ್ರ ಕಣೆ."

"ನನ್ನ ಗಡ್ಡದ ಸುದ್ದಿಗೆ ಬಂದವಳು ಯಾರೇ ಅದು?" ಎಂದು ಒಳಗಿಂದ ಸಿಬಿಲ್ ಗುಡುಗಿದಳು. "ಬಣ್ಣ ನಂದು ಕಣ್ರೇ. ನಲವತ್ತು ವರ್ಷ ಈ ಮನೆ ಗಂಡಸರನ್ನ ಸಹಿಸ್ಕೊಂಡ ಕಹಿ ಅದು. ಈಗ ಇಳೀತಿದೆ."

ಊರು ನಕ್ಕಿತು. ಮೇ ತಿಂಗಳು ಬರುವಷ್ಟರಲ್ಲಿ ಹೆಪ್ಪು ಒಯ್ದವರ ಮನೆಗಳಲ್ಲೂ ಅಷ್ಟಿಷ್ಟು ನೀಲಿ ಕಾಣಿಸಿಕೊಂಡಿತು. ಡಾರ್ಕಸಳದ್ದರಷ್ಟು ಗಾಢವಲ್ಲ. ಹಾಗಾಗಿ ಅವಳ ಹತ್ತಿರ ಏನೋ ಗುಟ್ಟಿದೆ ಎಂಬುದು ಎಲ್ಲರ ನಂಬಿಕೆಯಾಯಿತು. ಮರ್ಸಿಯಂತೂ ಡಾರ್ಕಸಳ ಹತ್ತಿರ ನೂಲು ಇಸಿದುಕೊಂಡು ತನಗೂ ಸೈಮನ್‌ಗೂ ಕಾಲುಚೀಲ ಹೆಣೆದು, ಲಂಗವನ್ನು ಒಂದು ಗೇಣು ಮೇಲೆತ್ತಿ ಚರ್ಚಿಗೆ ಬರತೊಡಗಿದಳು.

ಆ ದಿನಗಳಲ್ಲೇ ಪಾದ್ರಿ ಹೊಸ ಕಾನೂನನ್ನು ಓದಿದ. ಅಂಚು ಕತ್ತರಿಸಿದ ಹಳೆಯ ನಾಣ್ಯಗಳನ್ನೆಲ್ಲ ಸರ್ಕಾರ ವಾಪಸು ಪಡೆದು ಹೊಸದನ್ನು ಹೊರಡಿಸಿದ್ದ ಕಾಲ ಅದು. ಇನ್ನು ಮುಂದೆ ಖೋಟಾ ನಾಣ್ಯ ಮಾಡುವುದಷ್ಟೇ ಅಲ್ಲ, ಅದರ ಅಚ್ಚನ್ನು, ಸಲಕರಣೆಯನ್ನು ತಿಳಿದೂ ಮನೆಯಲ್ಲಿಟ್ಟುಕೊಂಡರೂ ರಾಜದ್ರೋಹ. ಹಿಡಿದುಕೊಟ್ಟವರಿಗೆ ನಲವತ್ತು ಪೌಂಡು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಜೋನಸ್ ಮೂರು ವರ್ಷ ಮಗ್ಗ ಹೊಡೆದರೂ ಅಷ್ಟು ಹಣ ಕಾಣುತ್ತಿರಲಿಲ್ಲ. ಡಾರ್ಕಸ್ ಚಿಕ್ಕವಳ ಮೂಗು ಒರೆಸುತ್ತ ಅರ್ಧ ಕೇಳಿಸಿಕೊಂಡಳು, ಅರ್ಧ ಬಿಟ್ಟಳು.

ನಾಲ್ಕು ದಿನಕ್ಕೆ, ಗುರುವಾರ ಬೆಳಿಗ್ಗೆ, ಅವಳ ಮೊಗೆ ಕೈಜಾರಿ ಪೀಪಾಯಿಯಲ್ಲಿ ಮುಳುಗಿತು.

ಹೊಸ ಮೊಗೆ ಮಾಡಿಕೊಡು ಎಂದು ಜೋನಸನನ್ನು ಕೇಳಿದರೆ ಅದು ಸಿಗುವುದು ಕ್ರಿಸ್‌ಮಸ್‌ಗೆ. ಡಾರ್ಕಸ್ ಅಂಗಿಯ ತೋಳು ಮಡಚಿ, ಮುಖ ಪಕ್ಕಕ್ಕೆ ತಿರುಗಿಸಿ, ಭುಜದವರೆಗೆ ಕೈ ಇಳಿಸಿದಳು. ಗಸಿ ಬೆರಳಿಗೆ ಮೆತ್ತಗೆ ತಾಗಿತು. ಮೊಗೆ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೇನೋ ಸಿಕ್ಕಿತು. ಬಟ್ಟೆ. ಬಟ್ಟೆಯೊಳಗೆ ಗಟ್ಟಿ.

ಎಳೆದಳು. ಭಾರವಿತ್ತು. ಮಗುವಿನ ಹೆಣವಿರಬೇಕು ಎಂಬ ಯೋಚನೆ ಒಮ್ಮೆಲೇ ಬಂತು. ಕಲ್ಲುಹಾಸಿನ ಮೇಲೆ ಇಟ್ಟು ಗಂಟು ಬಿಚ್ಚಿದಳು. ಒಂದು ದೊಡ್ಡ ಕತ್ತರಿ, ಎರಡು ಅರ, ಇಕ್ಕಳ, ಒಳಗೆ ಬೂದುಬಣ್ಣದ ಲೋಹ ಹತ್ತಿದ್ದ ಒಂದು ಮೂಸೆ. ಮೂತ್ರ ತಿಂದು ತಿಂದು ತೆಳ್ಳಗಾದ, ನೀಲಿ ಕಾರುತ್ತಿದ್ದ ಒಂದು ಹಿಡಿ ತಾಮ್ರದ ಬಿಲ್ಲೆಗಳು. ಕೊನೆಗೆ ಎರಡು ಕಬ್ಬಿಣದ ತುಂಡು. ಒಂದರ ಮುಖವನ್ನು ಹೆಬ್ಬೆರಳಿಂದ ಉಜ್ಜಿದಳು. ದೊರೆಯ ಮುಖ ಹಿಂದುಮುಂದಾಗಿ ತಿರುಗಿಕೊಂಡು ಅವಳನ್ನು ನೋಡಿತು.

ಮಗುವಿನ ಹೆಣವಾದರೂ ಆಗಿದ್ದರೆ ಕೂಗಿ ಕರೆಯಬಹುದಿತ್ತು.

ಅವಳ ಕಿವಿ ಚುರುಕಾಯಿತು. ಒಳಗೆ ಜೋನಸನ ಮಗ್ಗದ ಸದ್ದು. ಮುಂಬಾಗಿಲಲ್ಲಿ ಮಕ್ಕಳ ಜಗಳ. ಬೇಲಿಯ ಆಚೆ ಮರ್ಸಿ ಕೋಳಿ ಓಡಿಸುತ್ತಿದ್ದಾಳೆ. ಡಾರ್ಕಸಳ ಮೂಗಿಗೆ ಯಾರ್ಕಿನ ಹೊದಿಕೆಯ ವಾಸನೆ ಬಡಿಯಿತು.

ಎಲ್ಲವನ್ನೂ ಮತ್ತೆ ಗಂಟು ಕಟ್ಟುವಾಗ ಅವಳ ಕಣ್ಣು ಆ ಬಟ್ಟೆಯ ಮೇಲೆ ನಿಂತಿತು. ಅದೊಂದು ಏಪ್ರನ್. ಎದೆಯಿಂದ ಕೆಳಗೆ ಪೂರಾ ಕಿಡಿ ಹಾರಿದ ತೂತುಗಳು. ಒಂದೊಂದಕ್ಕೂ ಸಾಸಿವೆಯಷ್ಟು ಸಣ್ಣ ಹೊಲಿಗೆಯ ತೇಪೆ. ಸುತ್ತಿಗೆ ಹೊಡೆದವನು ಎಝ್ರಾ ಇರಬಹುದು. ಒಲೆಯ ಮುಂದೆ ನಿಂತು ತಿದಿ ಒತ್ತಿದವಳು, ಮೂಸೆ ಕಾಯ್ದವಳು, ಆಮೇಲೆ ಅದೇ ಒಲೆಯ ಮೇಲೆ ಓಟ್ಸ್ ರೊಟ್ಟಿ ಬೇಯಿಸಿದವಳು, ಊಟವಾದ ಮೇಲೆ ಕೂತು ಈ ತೂತು ಹೊಲಿದವಳು ಹೆಸ್ಟರ್. ಪೀಪಾಯಿಯ ತಳವನ್ನು ಆರಿಸಿದವಳೂ ಅವಳೇ. ಹದವಾದ ಪೀಪಾಯಿಯನ್ನು ಯಾರೂ ಬರಿದು ಮಾಡುವುದಿಲ್ಲ ಎಂಬುದು ಯಾವ ಗಂಡಸಿಗೆ ಗೊತ್ತು? ತಾಮ್ರ ಬಣ್ಣ ಬಿಡುತ್ತದೆಂಬುದೊಂದು ಅವಳಿಗೂ ಗೊತ್ತಿರಲಿಲ್ಲ, ಪಾಪ.

ಗಂಟನ್ನು ಇದ್ದಲ್ಲೇ ಇಳಿಸಿ, ತೋಳು ತೊಳೆದುಕೊಂಡು, ಮಗ್ಗದ ಕೋಣೆಗೆ ಹೋದಳು.

"ಜೋನಸ್, ಒಂದು ಗಳಿಗೆ ನಿಲ್ಸು."

ಅವನು ನಿಲ್ಲಿಸಿದ. ಅವಳು ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಸುಣ್ಣದ ಗೋಡೆಯಾಗಿತ್ತು.

"ನನಗ್ಯಾಕೆ ಹೇಳ್ದೆ? ಹೇಳದೇ ಇದ್ದಿದ್ರೆ ಬೈಬಲ್ ಮುಟ್ಟಿ ಗೊತ್ತಿಲ್ಲ ಅನ್ಬಹುದಿತ್ತು."

"ಈಗ ಗೊತ್ತಾಯ್ತಲ್ಲ. ಏನು ಮಾಡೋಣ ಹೇಳು. ಸೈಮನ್ ಹತ್ರ ಹೋಗಿ ಹೇಳಿಬಿಡೋಣ್ವ?"

"ಮೂರು ತಿಂಗಳು ದಿನಾ ಮೊಗೆ ಹಾಕಿ ಎತ್ತಿದೀಯ. ಊರಿಗೆಲ್ಲ ನೀಲಿ ಹಂಚಿದೀಯ. ಗೊತ್ತಿರಲಿಲ್ಲ ಅಂದ್ರೆ ಯಾವ ನ್ಯಾಯಾಧೀಶ ನಂಬ್ತಾನೆ? ನಲವತ್ತು ಪೌಂಡು ಕಣೇ. ಆ ಸೈಮನ್‌ಗೆ ಛಾವಣಿ ಸೋರ್ತಿದೆ."

"ಮತ್ತೆ?"

"ಎಲ್ಲಾದ್ರೂ ಎಸಿ."

"ಎಲ್ಲಿ?"

"ಪೀಪಾಯಿ ನಿಂದು, ಅದರ ಕೊಳೆ ನಿಂದು. ಶನಿವಾರ ನಾನು ಹ್ಯಾಲಿಫ್ಯಾಕ್ಸ್ ಸಂತೆಗೆ ಬಟ್ಟೆ ಹೊತ್ಕೊಂಡು ಹೋಗ್ತೀನಿ. ತಿರುಗಿ ಬರೋಷ್ಟ್ರಲ್ಲಿ ಅದು ಈ ಮನೇಲಿರಬಾರ್ದು." ಮಗ್ಗ ಮತ್ತೆ ಶುರುವಾಯಿತು. ಎಂದಿಗಿಂತ ಜೋರಾಗಿ.

ಆ ಎರಡು ದಿನ ಡಾರ್ಕಸ್ ರೊಟ್ಟಿ ತಟ್ಟುತ್ತ, ಅತ್ತೆಯನ್ನು ಮಗ್ಗುಲು ತಿರುಗಿಸುತ್ತ, ನೂಲುತ್ತ, ಮನಸ್ಸಿನಲ್ಲೇ ಊರೆಲ್ಲ ಅಲೆದಳು. ಬಾವಿಗೆ ಹಾಕಿದರೆ ವಿಟ್ಸನ್ ಹಬ್ಬಕ್ಕೆ ಹೆಂಗಸರು ಇಳಿದು ಹೂಳೆತ್ತುತ್ತಾರೆ. ತಿಪ್ಪೆಯನ್ನು ಶರತ್ಕಾಲಕ್ಕೆ ಹರಡುತ್ತಾರೆ. ಹೊಳೆ ಬೇಸಗೆಯಲ್ಲಿ ಮೊಣಕಾಲುದ್ದ. ಅಲ್ಲೇ ಬಟ್ಟೆ ಒಗೆಯುವುದು. ಗುಡ್ಡದ ಜೌಗು ನೆಲದಲ್ಲಿ ಉರುವಲಿಗೆ ಮಣ್ಣಿನ ಹೆಂಟೆ ಕಡಿಯುತ್ತಾರೆ. ಹೊತ್ತು ತರುವವರು ಮತ್ತೆ ಹೆಂಗಸರೇ. ಯಾರೂ ಗುಡಿಸದ, ತೊಳೆಯದ, ಕೆರೆಯದ ಒಂದು ಮೂಲೆ ಇಡೀ ಸೀಮೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ಹಗಲಿನಲ್ಲಿ ಭಾರದ ಗಂಟು ಹೊತ್ತು ಗುಡ್ಡ ಹತ್ತಿದರೆ ಏಳು ಮನೆಯ ಕಿಟಕಿಗಳೂ ನೋಡುತ್ತವೆ. ಏನೇ ಅದು ಎಂದು ಕೇಳುತ್ತವೆ. ರೊಟ್ಟಿ ಎರಡು ಸಲ ಸೀದಿತು. ನೀಲಿ ಕಾಲುಚೀಲ ಬಿಚ್ಚಿ ಎಂದರೆ ಮಕ್ಕಳು ಅತ್ತರು. ಊರಿನ ದಾರಿಯಲ್ಲಿ ನೀಲಿ ಕಾಲುಗಳು ಓಡಾಡುವುದು ಕಂಡಾಗಲೆಲ್ಲ, ತನ್ನ ಹೆಸರನ್ನೇ ಯಾರೋ ಕೂಗಿ ಸಾರುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಶನಿವಾರ ಗಂಡಸರು ಬಟ್ಟೆಯ ಹೊರೆ ಹೊತ್ತು ಸಂತೆಗೆ ಇಳಿದರು. ಜೋನಸ್ ತಿರುಗಿ ನೋಡದೆ ಹೋದ. ಅವರ ತಲೆಗಳು ಗುಡ್ಡದ ಮರೆಯಾಗುತ್ತಿದ್ದಂತೆ ಮರ್ಸಿ ಬಕೆಟ್ ಹಿಡಿದು ಹಿತ್ತಿಲಿಗೆ ಬಂದಳು.

"ಇನ್ನೊಂದು ಬಕೆಟ್ ಹೆಪ್ಪು ಕೊಡೆ."

"ಇವತ್ತು ಬೇಡ ಮರ್ಸಿಯಕ್ಕ. ಕಡಿಮೆ ಇದೆ."

"ಕಂಠಮಟ್ಟ ತುಂಬಿದೆಯಲ್ಲೇ, ಕಣ್ಣಿಲ್ವ ನನಗೆ?" ಮರ್ಸಿ ದನಿ ತಗ್ಗಿಸಿದಳು. "ನೋಡು, ಹೋದ ವಾರ ಹ್ಯಾಲಿಫ್ಯಾಕ್ಸ್‌ನ ಬಣ್ಣಗಾರನಿಗೆ ನಿನ್ನ ನೂಲು ತೋರಿಸ್ದೆ. ಇದು ಸೊಪ್ಪಿನ ನೀಲಿ ಅಲ್ಲ, ತಾಮ್ರದ್ದು ಅಂದ. ತಾಮ್ರ ಎಲ್ಲಿ ಸಿಕ್ತೇ ನಿನಗೆ? ನನಗೂ ಒಂದು ಚೂರು ಕೊಟ್ರೆ ನಿನ್ನ ಗಂಟೇನು ಹೋಗತ್ತೆ?"

ಡಾರ್ಕಸ್ ಪೀಪಾಯಿಗೆ ಅಡ್ಡ ನಿಲ್ಲಲು ಹೋದಳು. ಮರ್ಸಿ ದಪ್ಪ ಹೆಂಗಸು. ಸೊಂಟದಿಂದಲೇ ಅವಳನ್ನು ಪಕ್ಕಕ್ಕೆ ಸರಿಸಿ, ಮೊಗೆಯನ್ನು ಕಸಿದು, ಯಾವ ಹೆಂಗಸೂ ಹಾಕದಷ್ಟು ಆಳಕ್ಕೆ ಹಾಕಿದಳು.

ಟಣ್ ಎಂದಿತು.

ಮರ್ಸಿ ತೋಳು ಇಳಿಸಿದಳು. ಗಂಟು ಸಡಿಲವಾಗಿತ್ತು, ಮೊದಲು ಕತ್ತರಿ ಬಂತು, ಆಮೇಲೆ ಒಂದು ಅಚ್ಚು. ಕಾನ್‌ಸ್ಟೇಬಲನ ಹೆಂಡತಿಗೆ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಯಾವ ಯಾವ ಸಲಕರಣೆ ಹುಡುಕಬೇಕೆಂದು ಸೈಮನ್ ಊಟಕ್ಕೆ ಕೂತಾಗಲೆಲ್ಲ ವರ್ಣಿಸುತ್ತಿದ್ದ. ಮರ್ಸಿ ಅಚ್ಚನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು.

"ನಲವತ್ತು ಪೌಂಡು" ಎಂದಳು, ತನಗೆ ತಾನೇ.

ಡಾರ್ಕಸ್ ಕಲ್ಲುಹಾಸಿನ ಮೇಲೆ ಕೂತಳು. ಕೂತಲ್ಲಿಂದ ಅವಳಿಗೆ ಕಂಡದ್ದು ಮರ್ಸಿಯ ಕಾಲುಗಳು. ಮೀನಖಂಡದವರೆಗೂ ನೀಲಿ. ಎರಡು ದಿನದಿಂದ ಕೊಲ್ಲುತ್ತಿದ್ದ ಆ ಬಣ್ಣವನ್ನು ನೋಡುತ್ತ ನೋಡುತ್ತ ಅವಳಿಗೆ ಮಾತು ಬಂತು.

"ಮರ್ಸಿಯಕ್ಕ... ನಿನ್ನ ಕಾಲು ನೋಡ್ಕೊ."

"ಏನು?"

"ನಾನು ಹೆದರಿಸ್ತಿಲ್ಲ, ನನಗೇ ಜೀವ ಹೋಗ್ತಿದೆ. ನಿನ್ನ ಪೀಪಾಯೀಲೂ ಇದೇ ಇದೆ. ನಿನ್ನ ಬೇಲಿ ಮೇಲೆ ಒಣಗ್ತಿರೋ ಉಣ್ಣೇಲೂ ಇದೇ ಇದೆ. ಸೈಮನ್ ಕಾಲಲ್ಲೂ. ತಗೊಂಡು ಹೋಗಿ ಬಣ್ಣಗಾರನಿಗೆ ತೋರಿಸಿದವಳು ನೀನು. ಅವನು ನಾಳೆ ಹೇಳೋದು ಯಾರ ಹೆಸರು?"

ಮರ್ಸಿಯ ಕೆನ್ನೆಯ ಕೆಂಪು ಇಳಿಯಿತು. "ನಾನು ಕಾನ್‌ಸ್ಟೇಬಲನ ಹೆಂಡ್ತಿ ಕಣೆ."

"ಅದಕ್ಕೇ ನಿನ್ನ ಸುಡೋಕೆ ಇನ್ನೆರಡು ಹೊರೆ ಸೌದೆ ಜಾಸ್ತಿ" ಎಂದು ಒಳಗಿಂದ ಸಿಬಿಲಳ ದನಿ ಬಂತು. ಗೋಡೆಗೆ ಕಿವಿ ಕೊಟ್ಟು ಮಲಗಿದ್ದ ಮುದುಕಿಗೆ ಎಲ್ಲ ಕೇಳಿಸಿತ್ತು.

ಮರ್ಸಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾಲುಚೀಲ ಕಿತ್ತೆಳೆಯತೊಡಗಿದಳು, ಬೆಂಕಿ ಹತ್ತಿಕೊಂಡವಳ ಹಾಗೆ. ಡಾರ್ಕಸ್ ಅವಳ ಕೈ ಹಿಡಿದಳು.

"ಒಬ್ಬಳು ಕಂಡ್ರೆ ಒಬ್ಬಳನ್ನ ಸುಡ್ತಾರೆ. ಇಬ್ಬರು ಕಂಡ್ರೆ ಇಬ್ಬರನ್ನ. ಏಳು ಮನೆಯವರೂ ಒಟ್ಟಿಗೆ ಕಾಣ್ಬೇಕು. ಎಲ್ಲರನ್ನೂ ಕರಿ. ನನ್ನ ಪೀಪಾಯಿ ಒಡೀತು ಅಂತ ಕರಿ."

"ಒಡೆದಿಲ್ವಲ್ಲೇ."

ಡಾರ್ಕಸ್ ಸೌದೆಯ ಕೊಡಲಿ ತಂದಳು. ಹೊಡೆಯುವ ಮೊದಲು ತೋಳು ಇಳಿಸಿ ಏಪ್ರನ್ ಒಂದನ್ನು ಮಾತ್ರ ಮೇಲೆ ತೆಗೆದಳು. ಕತ್ತರಿಯನ್ನೂ ಅಚ್ಚನ್ನೂ ಒಳಗೆ ಹಾಕಿದಳು. ಮರ್ಸಿ ಒದ್ದೆ ಬಟ್ಟೆಯ ತೇಪೆಗಳನ್ನು ಮುಟ್ಟಿ ನೋಡಿದಳು.

"ಇದು ಹೆಸ್ಟರ್‌ದು. ನನ್ನ ಕೊನೇ ಮಗು ಹುಟ್ಟಿದಾಗ ಈ ಏಪ್ರನ್ನಲ್ಲೇ ಹಿಡ್ಕೊಂಡಿದ್ಲು. ಕಿಡಿ ತೂತು ಯಾಕೆ ಇಷ್ಟು ಅಂದ್ರೆ, ಒಲೆ ಸರಿ ಇಲ್ಲ ಅಂದಿದ್ಲು."

"ಎಲ್ಲರೂ ಎಝ್ರಾ ಹೆಸರಷ್ಟೇ ಹೇಳ್ಬೇಕು. ಅವಳ ಹೆಸರು ಬೇಡ."

"ಬೈಬಲ್ ಮುಟ್ಟಿಸ್ತಾರೆ ಕಣೆ. ಸುಳ್ಳು ಹೇಳಿದ್ರೆ ನರಕ."

ಆಗ ಡಾರ್ಕಸ್ ಜೀವಮಾನದಲ್ಲಿ ಮೊದಲ ಸಲ ಯಾರ್ಕಿನ ಹನ್ನೊಂದು ಹೊದಿಕೆಯ ಕಥೆ ಹೇಳಿದಳು. ಜಿಡ್ಡಿನ ವಿಷಯ ಬಂದಾಗ ತನ್ನ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಮರ್ಸಿ ಎದ್ದು, ಬರಿಗಾಲಲ್ಲೇ, ಒಂದೊಂದು ಮನೆಯ ಬಾಗಿಲು ತಟ್ಟಲು ಹೋದಳು.

ಉಳಿದ ಆರು ಮನೆಯ ಹೆಂಗಸರ ಕಣ್ಣೆದುರು ಡಾರ್ಕಸ್ ಪೀಪಾಯಿಯ ಕಬ್ಬಿಣದ ಪಟ್ಟಿಗೆ ಕೊಡಲಿಯ ಬೆನ್ನಿಂದ ಹೊಡೆದಳು. ಹಲಗೆಗಳು ಬಾಯಿಬಿಟ್ಟವು. ವರ್ಷಗಳ ಹದ ಕಲ್ಲುಹಾಸಿನ ಮೇಲೆ ನೀಲಿಯಾಗಿ ಹರಿದು ಎಲ್ಲರ ಕಣ್ಣಲ್ಲೂ ನೀರು ಬರಿಸಿತು. ತಳದಲ್ಲಿ ಕಬ್ಬಿಣ ಉಳಿಯಿತು. ಯಾರೂ ಕಿರುಚಲಿಲ್ಲ. ಒಬ್ಬಳು ಮಾತ್ರ "ಅಯ್ಯೋ, ಒಳ್ಳೇ ಪೀಪಾಯಿ" ಎಂದು ಅತ್ತಳು.

ಸಂಜೆ ಗಂಡಸರು ಬಂದರು. ಮನೆ ಮನೆಯಲ್ಲಿ ಏನು ಮಾತಾಯಿತೋ, ಅವರವರ ಒಲೆಗೆ ಗೊತ್ತು. ಜೋನಸ್ ಒಡೆದ ಹಲಗೆಗಳನ್ನು ನೋಡಿ, "ಎಸಿ ಅಂದ್ರೆ ಊರನ್ನೇ ಕರೆದೆಯಾ" ಎಂದು ತಲೆ ಹಿಡಿದುಕೊಂಡ. ಸೈಮನ್ ಮರುದಿನ ಬೆಳಿಗ್ಗೆಯೇ ನ್ಯಾಯಾಧೀಶನ ಮನೆಗೆ ಸುದ್ದಿ ಕಳಿಸಿದ. ಕಳಿಸದೆ ಅವನಿಗೂ ಗತಿಯಿರಲಿಲ್ಲ. ಆ ಭಾನುವಾರ, ದೇವರ ದಿನವೆಂ‌ದೂ ನೋಡದೆ, ಅಕೆನ್‌ಶಾದ ಹೆಂಗಸರು ಕಲ್ಲುಹಾಸನ್ನು ಮರಳು ಬೂದಿ ಹಾಕಿ ಉಜ್ಜಿದರು. ಏಳು ಒಲೆಗಳ ಮೇಲೂ ಆಲ್ಡರ್ ಮರದ ತೊಗಟೆ, ತುಕ್ಕು ಹಿಡಿದ ಮೊಳೆ ಕುದಿದವು. ಊರಿನ ನೀಲಿಯೆಲ್ಲ ಕಪ್ಪಾಯಿತು. ಏಪ್ರನ್ನನ್ನು ಡಾರ್ಕಸ್ ಮೂರು ಸಲ ಒಗೆದು ಅತ್ತೆಯ ಸೊಂಟದ ಕೆಳಗೆ ಹಾಸಿದಳು. ಅಲ್ಲಿ ಯಾವ ಗಂಡಸೂ ಕೈಹಾಕುವುದಿಲ್ಲ.

ಸೋಮವಾರ ನ್ಯಾಯಾಧೀಶನ ಗುಮಾಸ್ತ ಕುದುರೆಯ ಮೇಲೆ ಬಂದ. ಹಿತ್ತಿಲಿಗೆ ಕಾಲಿಟ್ಟವನೇ ಕರವಸ್ತ್ರ ಮೂಗಿಗೆ ಒತ್ತಿಕೊಂಡ. ಸಾಲಾಗಿ ನಿಂತ ಹೆಂಗಸರನ್ನು, ಅವರ ಕಪ್ಪು ಕಾಲುಗಳನ್ನು ನೋಡಿದ.

"ಊರಲ್ಲಿ ಯಾರು ಸತ್ತಿದ್ದಾರೆ?"

"ಇನ್ನೂ ಯಾರೂ ಇಲ್ಲ ಸ್ವಾಮಿ" ಎಂದಳು ಸಿಬಿಲ್. ಸಾಕ್ಷಿ ಹೇಳಲೆಂದು ಅವಳನ್ನು ಹಾಸಿಗೆ ಸಮೇತ ಬಾಗಿಲಿಗೆ ತಂದಿದ್ದರು.

ಗುಮಾಸ್ತ ಒಬ್ಬೊಬ್ಬರಿಗೂ ಬೈಬಲ್ ಮುಟ್ಟಿಸಿದ. ಎಲ್ಲರೂ ಒಂದೇ ಮಾತು ಹೇಳಿದರು: ಪೀಪಾಯಿ ಒಡೆಯಿತು, ಸಲಕರಣೆ ಕಂಡಿತು, ಮೊದಲು ಇದ್ದವನು ಎಝ್ರಾ. ಆಮೇಲೆ ಅವನು ಡಾರ್ಕಸಳ ಕಡೆ ತಿರುಗಿದ.

"ಮೂರು ತಿಂಗಳು ದಿನವೂ ಬಳಸಿದ್ದೀಯ. ಒಳಗೆ ಇಷ್ಟೆಲ್ಲ ಇರುವುದು ಗೊತ್ತಾಗಲಿಲ್ಲವೇ?"

"ತಳದವರೆಗೆ ಯಾರೂ ಎತ್ತಲ್ಲ ಸ್ವಾಮಿ. ಎತ್ತಿದ್ರೆ ಹದ ಹೋಗತ್ತೆ."

"ನಿಜವೇ?"

"ನಿಮ್ಮ ಮನೆ ಪೀಪಾಯಿ ತಳ ನೀವು ಕಂಡಿದೀರಾ ಸ್ವಾಮಿ?" ಎಂದಳು ಮುದುಕಿ.

ಗುಮಾಸ್ತನಿಗೆ ತನ್ನ ಮನೆಯ ಪೀಪಾಯಿ ಎಲ್ಲಿದೆ ಎಂಬುದೇ ಗೊತ್ತಿದ್ದಂತಿರಲಿಲ್ಲ. ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡು ಮುಂದಿನ ಪ್ರಶ್ನೆಗೆ ಹೋದ.

"ಈ ಎಝ್ರಾಗೆ ಹೆಂಡತಿ ಇದ್ದಳೇ?"

ಎಲ್ಲೋ ಒಂದು ಕೋಳಿ ಕೆದಕುತ್ತಿತ್ತು. ಸಾಲಿನ ಕೊನೆಯ ಹುಡುಗಿಯ ತುಟಿ ನಡುಗುವುದನ್ನು ಡಾರ್ಕಸ್ ಕಂಡಳು. ಹೆಸ್ಟರಳ ಹೆಸರು ಆ ತುಟಿಯ ಹಿಂದೆಯೇ ಇತ್ತು. ಅದು ಬಿದ್ದರೆ ಎಲ್ಲರ ಪ್ರಮಾಣವೂ ಸುಳ್ಳೆಂದು ತಿಳಿಯುತ್ತದೆ, ಮೊದಲು ಕಟ್ಟುವುದು ಪೀಪಾಯಿಯ ಒಡತಿಯನ್ನು.

"ಕಾನ್‌ಸ್ಟೇಬಲ್, ನೀನು ಪಕ್ಕದ ಮನೆಯವನು. ಮೂರು ವರ್ಷ. ಹೆಂಡತಿ ಇದ್ದಳೋ ಇಲ್ಲವೋ?"

ಸೈಮನ್ ಹೆಂಡತಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ತನ್ನ ಕಾಲುಗಳನ್ನು ನೋಡಿದ. ಕಾಲುಚೀಲ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಿಮ್ಮಡಿಯ ಹತ್ತಿರ ಕಪ್ಪು ನೀರು ಜಿನುಗುತ್ತಿತ್ತು.

"ನಾನು ಗಮನಿಸಿಲ್ಲ ಸ್ವಾಮಿ" ಎಂದ.

ಮೂರು ವರ್ಷ ಒಂದೇ ಬಾವಿಯ ನೀರು ಹೊತ್ತವಳನ್ನು, ಅವನ ಮಗುವನ್ನು ಮೊದಲು ಕೈಗೆತ್ತಿಕೊಂಡವಳನ್ನು ಗಮನಿಸಿಲ್ಲವಂತೆ. ಇಂಥ ಮಾತನ್ನು ಯಾರು ನಂಬುತ್ತಾರೆ?

ಗುಮಾಸ್ತ ನಂಬಿದ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತಲೆಯಾಡಿಸಿ, ಕಾಗದದ ಮೇಲೆ ಎಝ್ರಾ, ಒಂಟಿ, ಎಂದು ಬರೆದು, ಸಲಕರಣೆಗಳನ್ನು ಚೀಲಕ್ಕೆ ಹಾಕಿಸಿಕೊಂಡು, ಗಾಳಿ ಚೆನ್ನಾಗಿರುವ ಕಡೆಗೆ ಬೇಗ ಬೇಗ ಹೊರಟ.

ಎಝ್ರಾ ಸಿಕ್ಕಿದನೋ ಇಲ್ಲವೋ, ಅಕೆನ್‌ಶಾಗೆ ಸುದ್ದಿ ಬರಲಿಲ್ಲ. ಹೆಸ್ಟರಳ ಸುದ್ದಿಯೂ ಬರಲಿಲ್ಲ. ಬಣ್ಣಗಾರ ಎಂದಾದರೂ ಬಾಯಿಬಿಟ್ಟಾನೆಂದು ಮರ್ಸಿ ಹ್ಯಾಲಿಫ್ಯಾಕ್ಸಿಗೆ ಹೋಗುವುದನ್ನೇ ಬಿಟ್ಟಳು. ಅವನು ಸತ್ತ ಸುದ್ದಿ ಬಂದ ದಿನ ಡಾರ್ಕಸಳ ಹಿತ್ತಿಲಿಗೆ ಬಂದು ಕೂತು ಎದ್ದು ಹೋದಳು. ಹೊಸ ಪೀಪಾಯಿ ಹದಕ್ಕೆ ಬರಲು ಮೂರು ವರ್ಷ ಹಿಡಿಯಿತು. ಹೆಪ್ಪು ಕೊಡುವವರಿಗೂ ಕೇಳುವವರಿಗೂ ಆ ಊರಿನಲ್ಲಿ ಧೈರ್ಯವಿರಲಿಲ್ಲ. ಪ್ರತಿ ಸಲ ಮೊಗೆ ಇಳಿಸುವ ಮೊದಲು ಡಾರ್ಕಸ್ ಒಂದು ಕೋಲಿನಿಂದ ತಳ ತಡವಿ ನೋಡುತ್ತಿದ್ದಳು, ಹಾಗೆ ಮಾಡಿದರೆ ಗಸಿ ಕದಡಿ ಉಣ್ಣೆ ಕೆಡುತ್ತದೆಂದು ಗೊತ್ತಿದ್ದರೂ.

ಅತ್ತೆ ತೀರಿಕೊಂಡ ಮೇಲೆ ಆ ಏಪ್ರನ್ ಡಾರ್ಕಸಳ ಸೊಂಟಕ್ಕೆ ಬಂತು. ಅದರ ತೇಪೆಗಳನ್ನು ಊರಿನ ಹೆಂಗಸರೆಲ್ಲ ಗುರುತಿಸಿದರು; ಯಾರೂ ಏನೂ ಅನ್ನಲಿಲ್ಲ. ಯಾರ್ಕಿನ ಕಡೆಯಿಂದ ಗಾಡಿಯವರು ಬಂದರೆ ಅವಳು ರೊಟ್ಟಿ ಕೊಟ್ಟು, ಈ ಸಲ ಬಯಲಲ್ಲಿ ಯಾರನ್ನಾದರೂ ಸುಟ್ಟರೇ ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಇನ್ನೊಂದು ರೊಟ್ಟಿ ಕೊಡುತ್ತಿದ್ದಳು. ಒಂದು ವರ್ಷ ಮಾರ್ಚಿನಲ್ಲಿ, ಒಬ್ಬಳನ್ನು ಸುಟ್ಟರು ಎಂದಾಗ ಹೆಸರೇನು ಎಂದು ಕೇಳಿದಳು. ಗಾಡಿಯವನು ನೆನಪು ಮಾಡಿಕೊಳ್ಳಲು ನೋಡಿದ; ಆಗಲಿಲ್ಲ.

ಆ ಮಾರ್ಚ್ ತಿಂಗಳಿಂದ ಡಾರ್ಕಸ್ ಒಗೆದ ಬಟ್ಟೆಯನ್ನು ಹೊರಗೆ ಹಾಕಲಿಲ್ಲ. ಎಷ್ಟೇ ಬಿಸಿಲಿರಲಿ, ಮನೆಯೊಳಗೆ, ಒಲೆಯಿಂದ ದೂರ, ಮಗ್ಗದ ಕೋಣೆಯ ತೊಲೆಯಿಂದ ತೊಲೆಗೆ ಹಗ್ಗ ಕಟ್ಟಿ ಒಣಗಿಸಿದಳು. ಜೋನಸ್ ಒದ್ದೆ ಹೊದಿಕೆಗಳ ಕೆಳಗೆ ತಲೆ ಬಗ್ಗಿಸಿಕೊಂಡು ನೇಯ್ದ, ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.